ಓದುಗರ ಪ್ರಶ್ನೆ, ಸುಬೇದಾರರ ಉತ್ತರ: ಕಾನ್ವಾಯ್ ಕಾಯುವುದು ಯಾರು?

(ಕಾನ್ವಾಯ್, ಅಂದರೆ ಸಾಲಾಗಿ ಹೋಗುವ ಸೇನೆಯ ಸಾಮಾನು ಲಾರಿಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಉತ್ತರ ಕೊಟ್ಟವರು ಸೇನೆಗೆ ಸಾಮಾನು ಮುಟ್ಟಿಸುವ ಆರ್ಮಿ ಸರ್ವಿಸ್ ಕೋರ್‌ಗೆ (ಎಎಸ್‌ಸಿ) ಡ್ರೈವರ್ ಆಗಿ ಸೇರಿ, ಸುಬೇದಾರರಾಗಿ ನಿವೃತ್ತರಾಗಿ, ಈಗ ಅರಕಲಗೂಡಿನ ಹತ್ತಿರ ತೋಟ ನೋಡಿಕೊಂಡಿರುವ ನಮ್ಮ ಅಂಕಣಕಾರರು.)

ಸಾರ್, ನಾನು ಎನ್‌ಸಿಸಿ ಕೆಡೆಟ್. ಸಿನಿಮಾಗಳಲ್ಲಿ ಕಾನ್ವಾಯ್ ಮೇಲೆ ಗುಂಡು ಬಿದ್ದ ತಕ್ಷಣ ಎಲ್ಲರೂ ಲಾರಿಯಿಂದ ಹಾರಿ ಅಲ್ಲೇ ಹೋರಾಡುತ್ತಾರೆ. ನಿಜವಾಗಲೂ ಹಾಗೇ ಮಾಡ್ತಾರಾ? ಅಡಗಿ ಕೂತ ಗೆರಿಲ್ಲಾಗಳಿಂದ ಲಾರಿಗಳನ್ನು ಕಾಯುವುದು ಹೇಗೆ?
— ವಿದ್ಯಾರ್ಥಿನಿ, ಧಾರವಾಡ

ಇಲ್ಲ ಮಗಳೇ. ಅಲ್ಲೇ ನಿಂತರೆ ಅವರು ಬಯಸಿದ್ದೇ ಆಯಿತು. ಡ್ರೈವರ್‌ಗೆ ಕಲಿಸುವ ಮೊದಲ ಪಾಠವೇ ಇದು: ಗುಂಡು ಬಿತ್ತು ಅಂತ ಬ್ರೇಕ್ ಒತ್ತಬೇಡ, ಗಾಡಿ ಓಡುತ್ತಿದ್ದರೆ ಓಡಿಸು, ಆ ಜಾಗದಿಂದ ಹೊರಗೆ ಹೋಗು. ಗೆರಿಲ್ಲಾಗಳು ಜಾಗ ಆರಿಸುವುದೇ ಲಾರಿ ನಿಲ್ಲಬೇಕು ಅಂತ. ಏರು ಇರಬೇಕು, ತಿರುವು ಇರಬೇಕು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಂದರ. ಲೋಡ್ ಹೊತ್ತ ಲಾರಿ ಅಲ್ಲಿ ನಡೆಯುವ ವೇಗದಲ್ಲಿ ಹತ್ತುತ್ತಿರುತ್ತದೆ. ಮೊದಲ ಗಾಡಿಗೆ ಹೊಡೆದರೆ ಮುಂದೆ ದಾರಿ ಇಲ್ಲ. ಕೊನೆಯ ಗಾಡಿಗೆ ಹೊಡೆದರೆ ಹಿಂದೆ ದಾರಿ ಇಲ್ಲ. ನಡುವೆ ಸಿಕ್ಕಿಕೊಂಡವರ ಮೇಲೆ ಕೆಲವೇ ನಿಮಿಷ ಗುಂಡಿನ ಮಳೆ. ಸಹಾಯ ಬರುವ ಹೊತ್ತಿಗೆ ಅವರು ಕಾಡಿನಲ್ಲಿ ಮಾಯ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕಾದರೆ ವಿಯೆಟ್ನಾಂನ 19ನೇ ರಸ್ತೆಯ ಕಥೆ ತಿಳಿಯಬೇಕು. ಸಮುದ್ರದ ಪಕ್ಕದ ಕ್ವಿ ನ್ಯೋನ್ ಬಂದರಿನಿಂದ ಗುಡ್ಡಗಾಡಿನ ಪ್ಲೈಕು ಊರಿಗೆ ಹೋಗುವ ರಸ್ತೆ ಅದು. ಸುಮಾರು 160 ಕಿ.ಮೀ. ನಡುದಾರಿಯಲ್ಲಿ ಆನ್ ಖೆ ಎಂಬ ಊರು, ಅದರ ಆಚೀಚೆ ಎರಡು ಘಾಟಿ. ಗುಡ್ಡದ ಮೇಲಿದ್ದ ಸೈನ್ಯಕ್ಕೆ ಅಕ್ಕಿ, ಮದ್ದುಗುಂಡು, ಡೀಸೆಲ್ ಎಲ್ಲವೂ ಮುಖ್ಯವಾಗಿ ಇದೇ ದಾರಿಯಲ್ಲಿ ಹತ್ತಬೇಕಿತ್ತು. 1954ರ ಜೂನ್ 24ರಂದು ಫ್ರೆಂಚರ ಗ್ರೂಪ್ ಮೊಬೈಲ್ 100 ಎಂಬ ದೊಡ್ಡ ಪಡೆ ಆನ್ ಖೆ ಬಿಟ್ಟು ಇದೇ ರಸ್ತೆಯಲ್ಲಿ ಹೊರಟಿತ್ತು. ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ವಿಯೆತ್ ಮಿನ್ ಪಡೆಯವರು ಎತ್ತರದ ಹುಲ್ಲಿನಲ್ಲಿ ಕಾದು ಕೂತು ಆ ಪಡೆಯನ್ನು ಮುರಿದು ಹಾಕಿದರು. ಫ್ರೆಂಚರು ಹೋದ ಮೇಲೆ ಅಲ್ಲಿ ಯುದ್ಧಕ್ಕೆ ಇಳಿದ ಅಮೆರಿಕನ್ನರಿಗೆ ಈ ಕಥೆ ಗೊತ್ತಿರಲಿಲ್ಲ ಅಂತಲ್ಲ. ಆದರೂ 1967ರಲ್ಲಿ ಅವರ ಲಾರಿಗಳು ಇದೇ ರಸ್ತೆಯಲ್ಲಿ ಹೆಚ್ಚು ಕಾವಲಿಲ್ಲದೆ ಓಡುತ್ತಿದ್ದವು.

1967ರ ಸೆಪ್ಟೆಂಬರ್ 2. ಸಾಮಾನು ಇಳಿಸಿ ಪ್ಲೈಕುವಿನಿಂದ ವಾಪಸು ಬರುತ್ತಿದ್ದ ಕಾನ್ವಾಯ್ ಮೇಲೆ, ಆನ್ ಖೆ ಹತ್ತಿರ ಹತ್ತಿರ ಬಂದಾಗ, ಸಂಜೆ ಹೊತ್ತಿನಲ್ಲಿ ದಾಳಿ ಆಯಿತು. ಸುಮಾರು ಹತ್ತು ನಿಮಿಷ, ಅಷ್ಟೇ. 7 ಜನ ಸತ್ತರು, 17 ಜನ ಗಾಯಗೊಂಡರು, ಸಾಲಿನಲ್ಲಿದ್ದ ಲಾರಿಗಳಲ್ಲಿ ಹೆಚ್ಚಿನವು ಸುಟ್ಟವು ಅಥವಾ ಕೆಟ್ಟು ನಿಂತವು. ಖಾಲಿ ಲಾರಿಗಳನ್ನು ಯಾಕೆ ಹೊಡೆಯಬೇಕು ಅಂತ ನೀನು ಕೇಳಬಹುದು. ಲಾರಿಯೂ ಡ್ರೈವರೂ ಇಲ್ಲದಿದ್ದರೆ ನಾಳೆ ಸಾಮಾನು ಹೊರುವವರು ಯಾರು? ಅದಕ್ಕೇ.

ಆಮೇಲೆ ಆ ಡ್ರೈವರುಗಳು ಮಾಡಿದ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕಾವಲಿಗೆ ಬೇಕಾದಷ್ಟು ಟ್ಯಾಂಕು, ಕವಚದ ಗಾಡಿ ಅವರಿಗೆ ಸಿಗಲಿಲ್ಲ. ಆಗ ತಮ್ಮ ಲಾರಿಗಳಲ್ಲೇ ಕೆಲವನ್ನು ಕಾವಲು ಗಾಡಿ ಮಾಡಿದರು. ಮೊದಲು ಎರಡೂವರೆ ಟನ್ ಲಾರಿಯ ಸುತ್ತ ಮರದ ಹಲಗೆ, ಮರಳು ಮೂಟೆ ಕಟ್ಟಿ, ಮೇಲೆ ಮೆಷಿನ್ ಗನ್ ಇಟ್ಟರು. ಮಳೆ ಬಂತು, ಮರಳು ನೀರು ಕುಡಿಯಿತು, ಲಾರಿ ಏರು ಹತ್ತಲಾರದಷ್ಟು ಭಾರವಾಯಿತು. ಹಾಗಾಗಿ ಮೂಟೆ ತೆಗೆದು ಕಬ್ಬಿಣದ ತಗಡು ಬೆಸುಗೆ ಹಾಕಿದರು. ಆಮೇಲೆ ಐದು ಟನ್ ಲಾರಿಗೆ ಬದಲಾಯಿಸಿ ದೊಡ್ಡ ಮೆಷಿನ್ ಗನ್‌ಗಳನ್ನು ಏರಿಸಿದರು. ಕೆಲವರು ಕೆಟ್ಟುಹೋದ ಕವಚದ ಗಾಡಿಯ ಮೇಲ್ಭಾಗವನ್ನೇ ಎತ್ತಿ ಲಾರಿಯ ಮೇಲೆ ಕೂರಿಸಿದರು. ಪ್ರತಿ ಗಾಡಿಗೂ ಹೆಸರು ಬರೆದರು. ಹತ್ತು ಲಾರಿಗೆ ಒಂದು ಇಂಥ ಗಾಡಿ ಎಂಬುದು ಅವರ ಲೆಕ್ಕ. ಉದ್ದನೆಯ ಸಾಲನ್ನು ಒಡೆದು ಚಿಕ್ಕ ಚಿಕ್ಕ ತಂಡ ಮಾಡಿದರು. ಒಂದು ತಂಡ ಸಿಕ್ಕಿಬಿದ್ದರೆ ಹಿಂದಿನ ತಂಡ ದೂರದಲ್ಲೇ ನಿಲ್ಲುತ್ತಿತ್ತು.

ನಿಯಮ ಸರಳ. ಓಡುವ ಲಾರಿ ಓಡಿಹೋಗಬೇಕು. ಕೆಟ್ಟದ್ದು ರಸ್ತೆ ಬದಿಗೆ ಸರಿಯಬೇಕು. ಗನ್ ಇರುವ ಲಾರಿ ಮಾತ್ರ ಗುಂಡು ಬೀಳುವ ಜಾಗಕ್ಕೆ ನುಗ್ಗಬೇಕು. ಅದರಲ್ಲಿ ಕೂತವರ ಧೈರ್ಯ ಎಷ್ಟಿರಬೇಕು ಯೋಚಿಸು. 1971ರ ಫೆಬ್ರವರಿ 23ರಂದು ಆನ್ ಖೆ ಹತ್ತಿರ ಇಂಥ ಒಂದು ಗಾಡಿಯೊಳಗೆ ಗ್ರೆನೇಡ್ ಬಿತ್ತು. ಲ್ಯಾರಿ ಡಾಲ್ ಎಂಬ ಹುಡುಗ ಅದರ ಮೇಲೆ ತಾನೇ ಬಿದ್ದು ಜೊತೆಯವರನ್ನು ಉಳಿಸಿ ಪ್ರಾಣ ಬಿಟ್ಟ. ಅವರ ದೇಶದ ಅತಿ ದೊಡ್ಡ ಶೌರ್ಯ ಪದಕ ಆತನಿಗೆ ಸಂದಿತು. ಆತ ಲಾರಿ ಸಾಗಾಟದ ಕಂಪನಿಯವನು, ಇನ್‌ಫೆಂಟ್ರಿಯವನಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಯುದ್ಧದ ಕಥೆಗಳಲ್ಲಿ ಡ್ರೈವರುಗಳ ಹೆಸರು ಬರುವುದೇ ಕಡಿಮೆ.

ಆದರೆ ಒಂದು ಮಾತು. 19ನೇ ರಸ್ತೆಯನ್ನು ಗನ್ ಲಾರಿಗಳೇ ಉಳಿಸಿದವು ಅಂದರೆ ಅರ್ಧ ಸತ್ಯ. ದಿನಾ ಬೆಳಿಗ್ಗೆ ಮೈನ್, ಅಂದರೆ ನೆಲದಲ್ಲಿ ಹೂತ ಬಾಂಬು ಹುಡುಕುವ ತಂಡ ರಸ್ತೆಯಲ್ಲಿ ಹೋಗುತ್ತಿತ್ತು. ಸೇತುವೆಗಳಿಗೆ ಕಾವಲು ಹಾಕಿದರು. ರಸ್ತೆಯ ಎರಡೂ ಬದಿಯ ಕಾಡನ್ನು ಬುಲ್‌ಡೋಜರ್‌ನಿಂದ ಸವರಿದರು. ಮಣ್ಣು ರಸ್ತೆಗೆ ಟಾರು ಹಾಕಿದರು, ಟಾರಿನಡಿ ಬಾಂಬು ಹೂತರೆ ಗುರುತು ಕಾಣುತ್ತದಲ್ವಾ? ರಾತ್ರಿ ಓಡಾಟ ನಿಲ್ಲಿಸಿದರು. ನನ್ನ ಅನುಭವದಲ್ಲೂ ಇದೇ ದೊಡ್ಡ ಮಾತು: ಕಾನ್ವಾಯ್ ಉಳಿಯುವುದು ಬಹುಪಾಲು ಅದು ಹೊರಡುವ ಮೊದಲು ರಸ್ತೆಯಲ್ಲಿ ಕೆಲಸ ಮಾಡಿದವರಿಂದ. ಬಂದೂಕಿನ ಸರದಿ ಅದೆಲ್ಲ ತಪ್ಪಿದ ಮೇಲೆ.

ಸಾರ್, ನಾನು ಲಾರಿ ಡ್ರೈವರ್. ಸೇಬು ಲೋಡಿಗೆ ಕಾಶ್ಮೀರಕ್ಕೆ ಹೋಗಿದ್ದೇನೆ. ಮಿಲಿಟರಿ ಗಾಡಿ ಬಂತು ಅಂದರೆ ನಮ್ಮನ್ನೆಲ್ಲ ಗಂಟೆಗಟ್ಟಲೆ ನಿಲ್ಲಿಸುತ್ತಾರೆ. ಹಣ್ಣು ಕೊಳೆಯುತ್ತದೆ. ಅಷ್ಟೊಂದು ನಿಲ್ಲಿಸಲೇಬೇಕಾ? ರಸ್ತೆ ಬದಿ ಬೆಳಿಗ್ಗೆಯಿಂದ ಒಬ್ಬೊಬ್ಬರೇ ನಿಂತಿರುವ ಜವಾನರು ಏನು ಮಾಡುತ್ತಾರೆ?
— ಓದುಗರು, ಶಿರಾ

ತಮ್ಮಾ, ನೀನು ನೋಡಿದ್ದು ಆರ್‌ಓಪಿ. ರೋಡ್ ಓಪನಿಂಗ್ ಪಾರ್ಟಿ. ಮೇಲೆ ಹೇಳಿದೆನಲ್ಲ, ಹೊರಡುವ ಮೊದಲು ರಸ್ತೆಯಲ್ಲಿ ಕೆಲಸ ಮಾಡುವವರು, ಅವರೇ ಇವರು. ನಸುಕಿನಲ್ಲೇ ನಡೆದು ಹೊರಡುತ್ತಾರೆ. ಒಂದೊಂದು ಮೋರಿಯ ಕೆಳಗೂ ಬಗ್ಗಿ ನೋಡುತ್ತಾರೆ. ನಾಯಿ ಇರುತ್ತದೆ, ಮೈನ್ ಹುಡುಕುವ ಯಂತ್ರ ಇರುತ್ತದೆ. ಆದರೆ ಕಣ್ಣೇ ಮುಖ್ಯ. ನಿನ್ನೆ ಇಲ್ಲದ ಕಲ್ಲಿನ ಗುಡ್ಡೆ, ಹೊಸದಾಗಿ ಅಗೆದ ಮಣ್ಣು, ಹುಲ್ಲಿನೊಳಗೆ ಹಾದು ಹೋದ ವಯರು, ಯಾರೋ ಬಿಟ್ಟು ಹೋದ ಪ್ರೆಷರ್ ಕುಕ್ಕರ್, ದಿನಾ ತೆರೆಯುವ ಅಂಗಡಿ ಇವತ್ತು ಮುಚ್ಚಿರುವುದು. ದಿನಾ ಅದೇ ಪಾಳಿಯವರು ಅದೇ ತುಂಡು ರಸ್ತೆ ನೋಡಿದರೆ ಮಾತ್ರ ಇದು ಗೊತ್ತಾಗುತ್ತದೆ. ಹೆಂಗಸರು ತಮ್ಮ ಅಂಗಳದಲ್ಲಿ ಏನು ಜರುಗಿದೆ ಅಂತ ಒಂದೇ ನೋಟಕ್ಕೆ ಹೇಳುತ್ತಾರಲ್ಲ, ಹಾಗೆ. ಕೆಲವರು ಗುಡ್ಡ ಹತ್ತಿ ರಸ್ತೆ ಕಾಣುವ ಎತ್ತರದಲ್ಲಿ ಕೂರುತ್ತಾರೆ. ರಸ್ತೆ ಸರಿ ಇದೆ ಎಂದು ಅವರು ವೈರ್‌ಲೆಸ್‌ನಲ್ಲಿ ಹೇಳುವವರೆಗೆ ನಮ್ಮ ಗಾಡಿ ಕ್ಯಾಂಪ್ ಗೇಟ್ ದಾಟುವ ಹಾಗಿಲ್ಲ.

ಮತ್ತೆ ಕೊನೆಯ ಗಾಡಿ ಹೋಗುವವರೆಗೂ ಅವರು ಅಲ್ಲೇ. ಮಳೆ ಬರಲಿ, ಹಿಮ ಬೀಳಲಿ. ಖಾಜಿಗುಂಡ್ ಕಡೆ ಒಮ್ಮೆ ನಮ್ಮ ಗಾಡಿ ನಿಂತಾಗ ಗದಗದ ಕಡೆಯ ಒಬ್ಬ ಹುಡುಗ ಆರ್‌ಓಪಿಯಲ್ಲಿ ಸಿಕ್ಕಿದ್ದ. ಕೈ ಬೆರಳು ಮಡಚಲು ಬರುತ್ತಿರಲಿಲ್ಲ, ಅಷ್ಟು ಚಳಿ. ಫ್ಲಾಸ್ಕಿನ ಚಹಾ ಕೊಟ್ಟೆ. ಕುಡಿಯುವಾಗಲೂ ಕಣ್ಣು ರಸ್ತೆ ಮೇಲೇ ಇತ್ತು. ಅಂಥವರು ನಿಂತಿದ್ದರಿಂದಲೇ ನಾನು ಕೈಕಾಲು ನೆಟ್ಟಗಿಟ್ಟುಕೊಂಡು ಪೆನ್ಷನ್‌ಗೆ ಬಂದೆ.

ಕಾನ್ವಾಯ್ ಒಳಗೂ ಶಿಸ್ತು ಇದೆ. ಗಾಡಿಗಳ ನಡುವೆ ಅಂತರ ಬಿಡಬೇಕು. ಒತ್ತೊತ್ತಾಗಿ ಹೋದರೆ ಒಂದು ಬಾಂಬಿಗೆ ಮೂರು ಗಾಡಿ. ತೀರಾ ದೂರ ಬಿಟ್ಟರೆ ಸಾಲು ಹರಿಯುತ್ತದೆ, ನಡುವೆ ಯಾರದೋ ಗಾಡಿ ನುಗ್ಗುತ್ತದೆ. ಮುಂದಿನವನು ಕಾಣುತ್ತಿರಬೇಕು, ಆದರೆ ಅವನಿಗೆ ಬಿದ್ದ ಏಟು ನನಗೆ ತಾಗಬಾರದು. ಘಾಟಿಯಲ್ಲಿ ಒಂದು ಲೆಕ್ಕ, ಬಯಲಿನಲ್ಲಿ ಇನ್ನೊಂದು. ಕೊನೆಯಲ್ಲಿ ರಿಕವರಿ ಗಾಡಿ, ಆಂಬುಲೆನ್ಸ್. ರಿಮೋಟ್ ಬಾಂಬಿನ ಸಿಗ್ನಲ್ ತಡೆಯುವ ಜಾಮರ್ ಒಂದು ಗಾಡಿಯಲ್ಲಿ.

ನಿಮ್ಮನ್ನು ಯಾಕೆ ನಿಲ್ಲಿಸುತ್ತಾರೆ ಅಂದರೆ, 2019ರ ಫೆಬ್ರವರಿ 14 ನೆನಪಿದೆ ಅಲ್ವಾ? ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಜವಾನರು ಹೋದರು. ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಹುಡುಗನೂ ಅವರಲ್ಲಿ ಒಬ್ಬ. 78 ಗಾಡಿಗಳ ಉದ್ದನೆಯ ಸಾಲು ಅದು. ಹೆದ್ದಾರಿಗೆ ಪಕ್ಕದಿಂದ ಬಂದ ಒಂದು ಕಾರು ತುಂಬಾ ಸ್ಫೋಟಕ ಇತ್ತು. ಅದು ಬಸ್ಸಿನ ಪಕ್ಕ ಬಂದು ಸಿಡಿಯಿತು. ಮೋರಿ ಎಷ್ಟೇ ಚೆನ್ನಾಗಿ ನೋಡಿದ್ದರೂ ಪಕ್ಕದಲ್ಲಿ ಓಡುವ ಕಾರನ್ನು ಅದು ತಡೆಯುವುದಿಲ್ಲ. ಅದಾದ ಮೇಲೆ ಆ ವರ್ಷ ಏಪ್ರಿಲ್‌ನಿಂದ ಬಾರಾಮುಲ್ಲಾ ಮತ್ತು ಉಧಂಪುರದ ನಡುವೆ ವಾರಕ್ಕೆ ಎರಡು ದಿನ, ಭಾನುವಾರ ಮತ್ತು ಬುಧವಾರ, ಹಗಲಿಡೀ ಬೇರೆಯವರ ಗಾಡಿಗಳನ್ನು ನಿಲ್ಲಿಸಿದರು. ಅಲ್ಲಿನ ಜನರಿಗೆ ಬಹಳ ಕಷ್ಟವಾಯಿತು. ಆಸ್ಪತ್ರೆಗೆ ಹೋಗುವವರು, ಪರೀಕ್ಷೆ ಬರೆಯುವ ಮಕ್ಕಳು, ಮದುವೆ ದಿಬ್ಬಣ. ಕೆಲವು ವಾರಗಳಲ್ಲಿ ಆ ನಿಯಮವನ್ನು ಸಡಿಲ ಮಾಡಿ ತೆಗೆದರು.

ಇದರಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ. ನಿಲ್ಲಿಸುವುದು ಬೇಕು. ಆದರೆ ಎಷ್ಟು ಹೊತ್ತು ಅಂತ ಮೊದಲೇ ಹೇಳಬೇಕು, ಆಂಬುಲೆನ್ಸ್ ಬಿಡಬೇಕು, ಹಣ್ಣಿನ ಲಾರಿಗೆ ಒಂದು ಸಮಯ ಗೊತ್ತು ಮಾಡಬೇಕು. ರಸ್ತೆ ಪಕ್ಕದ ಜನ ನಮ್ಮ ಮೇಲೆ ಸಿಟ್ಟಾದರೆ ನಷ್ಟ ನಮಗೇ. ಮೋರಿ ಹತ್ತಿರ ರಾತ್ರಿ ಯಾರೋ ಅಗೆಯುತ್ತಿದ್ದರು ಅಂತ ಬಂದು ಹೇಳಬೇಕಾದವರು ಅವರೇ. ಕೊಳೆತ ಸೇಬಿನ ನಷ್ಟ ನೀನು ಹೊತ್ತಿದ್ದೀಯ, ಅದು ಸಣ್ಣ ಮಾತಲ್ಲ.

ಲಾರಿ ಯಾಕೆ ಬೇಕು? ವಿಮಾನ, ಹೆಲಿಕಾಪ್ಟರ್‌ನಲ್ಲೇ ಸಾಮಾನು ಇಳಿಸಬಾರದೆ?
— ಓದುಗರು, ಬಳ್ಳಾರಿ

ಇಳಿಸಬಹುದು, ಇಳಿಸುತ್ತಾರೆ. ಆದರೆ ಒಂದು ಹೆಲಿಕಾಪ್ಟರ್ ಹೊರುವುದನ್ನು ಒಂದೋ ಎರಡೋ ಲಾರಿ ಹೊರುತ್ತವೆ, ಖರ್ಚು ಮಾತ್ರ ಎಷ್ಟೋ ಪಟ್ಟು ಜಾಸ್ತಿ. ಮೋಡ ಕವಿದರೆ ಅದೂ ಇಲ್ಲ. ಅಫ್ಘಾನಿಸ್ತಾನದಲ್ಲಿ ಖೋಸ್ತ್ ಎಂಬ ಊರನ್ನು ಮುಜಾಹಿದೀನ್ ಗೆರಿಲ್ಲಾಗಳು ವರ್ಷಗಟ್ಟಲೆ ಸುತ್ತುವರಿದಿದ್ದರು. ಸೋವಿಯತ್ ಸೇನೆ ವಿಮಾನದಲ್ಲೇ ಸಾಮಾನು ಕೊಡುತ್ತಿತ್ತು. ಕೊನೆಗೆ 1987ರ ನವೆಂಬರ್‌ನಲ್ಲಿ ಗರ್ದೇಜ್‌ನಿಂದ ಖೋಸ್ತ್‌ಗೆ ರಸ್ತೆ ತೆರೆಯಲು ದೊಡ್ಡ ಕಾರ್ಯಾಚರಣೆ ಮಾಡಿದರು. ಲಾರಿಗಳು ಡಿಸೆಂಬರ್ ಕೊನೆಗೆ ಊರು ಮುಟ್ಟಿದವು. ರಸ್ತೆಗಿಂತ ಮೇಲಿನ ಶಿಖರಗಳಲ್ಲಿ ಸಣ್ಣ ಸಣ್ಣ ತಂಡ ಕೂರಿಸಿದ್ದರು. 3234 ಮೀಟರ್ ಎತ್ತರದ ಒಂದು ಗುಡ್ಡದಲ್ಲಿ 39 ಜನ 1988ರ ಜನವರಿ 7ರಿಂದ 8ರವರೆಗೆ ದಾಳಿ ಮೇಲೆ ದಾಳಿ ತಡೆದರು. ಅವರಲ್ಲಿ 6 ಜನ ಸತ್ತರು. ಇಷ್ಟೆಲ್ಲ ಮಾಡಿ ಆ ತಂಡಗಳು ಇಳಿದು ಹೋದ ಮೇಲೆ ಏನಾಯಿತು? ರಸ್ತೆ ಮತ್ತೆ ಮುಚ್ಚಿತು. ಎತ್ತರ ಯಾರ ಕೈಯಲ್ಲಿದೆಯೋ ರಸ್ತೆ ಅವರದು.

ಅದೇ ದೇಶದ ಸಲಾಂಗ್ ಘಾಟಿಯಲ್ಲೂ ಅದೇ ಪಾಡು. ಅಲ್ಲಿ ಇನ್ನೊಂದು ತೊಂದರೆ ಗೊತ್ತಾಯಿತು. ಗೆರಿಲ್ಲಾಗಳು ಕಡಿದಾದ ಗುಡ್ಡದ ನೆತ್ತಿಯಿಂದ ಹೊಡೆಯುತ್ತಾರೆ, ಟ್ಯಾಂಕಿನ ನಳಿಕೆ ಅಷ್ಟು ಮೇಲಕ್ಕೆ ಏಳುವುದೇ ಇಲ್ಲ. ವಿಮಾನ ಹೊಡೆಯಲು ಮಾಡಿದ ಗನ್ನುಗಳನ್ನು ಕಾನ್ವಾಯ್ ಜೊತೆ ತಂದು ಗುಡ್ಡಕ್ಕೆ ತಿರುಗಿಸಿದರು.

ನಮ್ಮೂರಿನ ಸುತ್ತ ಸಾವನದುರ್ಗ, ಹುತ್ರಿದುರ್ಗ ಇವೆ. ಟಿಪ್ಪುವಿನ ಸವಾರರು ಇಂಗ್ಲಿಷರ ಸಾಮಾನು ಸರಂಜಾಮು ತಡೆದರು ಎಂದು ಹಿರಿಯರು ಹೇಳುತ್ತಾರೆ. ನಿಜವೇ?
— ನಿವೃತ್ತ ಶಿಕ್ಷಕರು, ಮಾಗಡಿ

ನಿಜ ಮೇಷ್ಟ್ರೇ. ನಿಮ್ಮ ದುರ್ಗಗಳ ಕಥೆ ಸೇನಾ ಪಾಠದಲ್ಲಿ ಇರಬೇಕಾದ್ದು. 1791ರ ಮಾರ್ಚ್‌ನಲ್ಲಿ ಇಂಗ್ಲಿಷರ ದಂಡು ನಡೆಸುತ್ತಿದ್ದ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ 15ರಂದು ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಗೆದ್ದ. ರಾಜಧಾನಿ ಕಣ್ಣೆದುರಿಗೇ ಇತ್ತು. ಆದರೂ ಹಿಂದೆ ತಿರುಗಿದ, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ. ಯಾಕೆ? ಅಕ್ಕಿ ಇರಲಿಲ್ಲ, ಮೇವು ಇರಲಿಲ್ಲ, ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ದಾರಿಯ ಮೇವು, ಧಾನ್ಯ ಅವನಿಗೆ ಸಿಗದ ಹಾಗೆ ಟಿಪ್ಪು ಮೊದಲೇ ನೋಡಿಕೊಂಡಿದ್ದ. ಮೈಸೂರಿನ ಸವಾರರು ಸುದ್ದಿ ಒಯ್ಯುವವರನ್ನೂ ತಡೆದರು. ಇಂಗ್ಲಿಷರ ಜೊತೆಗಿದ್ದ ಮರಾಠರ ಸೈನ್ಯ ಧಾನ್ಯ ಹೊತ್ತು ಹತ್ತಿರದಲ್ಲೇ ಬರುತ್ತಿದೆ ಎಂಬುದೇ ಕಾರ್ನ್‌ವಾಲಿಸ್‌ಗೆ ಹಿಂದೆ ತಿರುಗಿದ ಮೇಲೆ ಗೊತ್ತಾಯಿತು.

ಆಮೇಲೆ ಅವನು ಮಾಡಿದ್ದು ನೋಡಿ. ನೇರ ಪಟ್ಟಣಕ್ಕೆ ನುಗ್ಗಲಿಲ್ಲ. ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್‌ನಲ್ಲಿ ಸಾವನದುರ್ಗ, ಹುತ್ರಿದುರ್ಗ, ಹೀಗೆ ದಾರಿ ಮೇಲೆ ಕಣ್ಣಿಟ್ಟಿದ್ದ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿದ. ಧಾನ್ಯಕ್ಕೆ ಬಂಜಾರರನ್ನು ನಂಬಿದ. ಅವರು ತಮ್ಮ ಎತ್ತುಗಳ ಮೇಲೆ ಹೇರಿಕೊಂಡು ಬಂದು ದಂಡಿಗೆ ಮಾರುತ್ತಿದ್ದರು. ದಾರಿ ಭದ್ರವಾದ ಮೇಲೆಯೇ 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ಬಿದ್ದ. ಮೈಸೂರು ಅರ್ಧ ರಾಜ್ಯ ಕಳೆದುಕೊಂಡಿತು. ಈ ನೆಲದವನಾಗಿ ನನಗೆ ಅದು ನೋವು. ಡ್ರೈವರ್ ಆಗಿ ನೋಡಿದರೆ ಮಾತ್ರ, ಸೋಲು ತೀರ್ಮಾನವಾದದ್ದು ಆ ಬೆಟ್ಟಗಳು ಕೈಬಿಟ್ಟ ದಿನವೇ ಅನಿಸುತ್ತದೆ. ಮಕ್ಕಳನ್ನು ಸಾವನದುರ್ಗಕ್ಕೆ ಕರೆದುಕೊಂಡು ಹೋದಾಗ ಮೇಲಿಂದ ಸುತ್ತಲಿನ ದಾರಿಗಳನ್ನು ತೋರಿಸಿ. ಅಲ್ಲಿ ಕೋಟೆ ಯಾಕೆ ಕಟ್ಟಿದರು ಅಂತ ಅವರೇ ಹೇಳುತ್ತಾರೆ.

ನನ್ನ ಮಗ ಎಎಸ್‌ಸಿಗೆ ಡ್ರೈವರ್ ಆಗಿ ಸೇರಿದ್ದಾನೆ, ಬೆಂಗಳೂರಿನಲ್ಲಿ ಟ್ರೈನಿಂಗ್. ಬಾಂಬಿಗೂ ಜಗ್ಗದ ಗಾಡಿ ಈಗ ಬಂದಿವೆಯಂತೆ, ಭಯ ಬೇಡ ಅನ್ನುತ್ತಾನೆ. ನನಗೆ ನಿದ್ದೆ ಬರುತ್ತಿಲ್ಲ.
— ತಾಯಿ, ತಿಪಟೂರು

ತಾಯೀ, ನಿಮ್ಮ ಮಗ ಹೇಳಿದ್ದರಲ್ಲಿ ಹುರುಳಿದೆ. ಆದರೆ ಪೂರ್ತಿ ಅಲ್ಲ, ಅದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲಾರೆ.

ಮೈನ್‌ಗೆ ತಡೆಯುವ ಗಾಡಿಗಳನ್ನು 1970ರ ದಶಕದಲ್ಲಿ ರೊಡೇಷಿಯಾ (ಈಗಿನ ಜಿಂಬಾಬ್ವೆ), ದಕ್ಷಿಣ ಆಫ್ರಿಕಾದ ಕಡೆ ಬೆಳೆಸಿದರು. ಗಾಡಿಯ ಹೊಟ್ಟೆ ಚಪ್ಪಟೆ ಇರುವುದಿಲ್ಲ, ದೋಣಿಯ ತಳದ ಹಾಗೆ ಇಳಿಜಾರಾಗಿರುತ್ತದೆ. ನೆಲದಿಂದ ಎತ್ತರವಾಗಿಯೂ ಇರುತ್ತದೆ. ಕೆಳಗೆ ಸಿಡಿದ ಶಕ್ತಿ ಎರಡೂ ಬದಿಗೆ ಹರಿದು ಹೋಗುತ್ತದೆ. ದಕ್ಷಿಣ ಆಫ್ರಿಕಾದ ಕ್ಯಾಸ್ಪಿರ್ ಗಾಡಿಗಳು ನಮ್ಮ ಸೇನೆಗೂ ಬಂದವು. ಇರಾಕಿನಲ್ಲಿ ರಸ್ತೆ ಬಾಂಬುಗಳಿಂದ ಬಹಳ ಜನರನ್ನು ಕಳೆದುಕೊಂಡ ಮೇಲೆ ಅಮೆರಿಕದವರು 2007ರಿಂದ ಇಂಥ ಗಾಡಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಳಿಸಿದರು. ಜೀವಗಳು ಉಳಿದವು. ಆದರೆ ಛತ್ತೀಸಗಢದಲ್ಲಿ ಮಾವೋವಾದಿಗಳು ರಸ್ತೆ ಅಡಿ ಇನ್ನೂ ಜಾಸ್ತಿ ಸ್ಫೋಟಕ ಹೂತು ಇಂಥ ಗಾಡಿಗಳನ್ನೂ ಎತ್ತಿ ಒಗೆದರು. ಅಲ್ಲಿ ನಮ್ಮ ಪಡೆಗಳು ಎಷ್ಟೋ ಕಡೆ ಗಾಡಿ ಬಿಟ್ಟು, ರಸ್ತೆಯನ್ನೂ ಬಿಟ್ಟು, ಕಾಡಿನೊಳಗೆ ನಡೆದೇ ಹೋದವು. ಗಾಡಿ ಚೆನ್ನಾಗಿದೆ ಅಂತ ಮೋರಿ ನೋಡುವುದನ್ನು ಬಿಡುವ ಹಾಗಿಲ್ಲ.

ಮಗನಿಗೆ ನನ್ನ ಕಡೆಯಿಂದ ಎರಡು ಮಾತು ಹೇಳಿ. ಕವಚದ ಗಾಡಿ ಅಂತ ಸೀಟ್ ಬೆಲ್ಟ್, ಹೆಲ್ಮೆಟ್ ಬಿಡಬಾರದು. ಬಾಂಬು ಒಳಗೆ ಬರದಿದ್ದರೂ ಅದರ ಹೊಡೆತಕ್ಕೆ ಮನುಷ್ಯ ಚಾವಣಿಗೆ ಬಡಿದು ಕುತ್ತಿಗೆ ಮುರಿಯುತ್ತದೆ. ಮತ್ತೆ, ದಾರಿಯಲ್ಲಿ ಏನಾದರೂ ನಿನ್ನೆಗಿಂತ ಬೇರೆ ಕಂಡರೆ, ಹಿರಿಯರು ಬೈದಾರು ಅಂತ ಸುಮ್ನೆ ಇರಬಾರದು. ಹೇಳಲೇಬೇಕು. ಹತ್ತು ಸಲ ಏನೂ ಇರುವುದಿಲ್ಲ. ಇರಲಿ.

ನಿಮ್ಮ ಕೈಯಲ್ಲೂ ಒಂದು ಕೆಲಸ ಇದೆ. ಅವನು ಫೋನ್ ಮಾಡಿದಾಗ ಯಾವತ್ತು ಹೊರಡುತ್ತೀಯ, ಯಾವ ದಾರಿ, ಎಷ್ಟು ಗಾಡಿ ಅಂತ ಕೇಳಬೇಡಿ. ಅವನು ತಾನಾಗಿ ಹೇಳಿದರೂ ತಡೆಯಿರಿ. ಲಾರಿ ಮುಂದೆ ನಿಂತು ತೆಗೆದ ಫೋಟೋ ಕಳಿಸಿದರೆ ಮನೆಯವರು ನೋಡಲಿ, ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು ಬೇಡ. ಗಾಡಿ ನಂಬರು, ಹಿಂದಿನ ಗುಡ್ಡ, ಅಂಗಡಿಯ ಬೋರ್ಡು, ಇಷ್ಟು ಸಿಕ್ಕಿದರೆ ಜಾಗ ಹುಡುಕಲು ಸಾಕು. ಟ್ರೈನಿಂಗ್ ಮುಗಿಸಿ ರಜೆಗೆ ಬಂದಾಗ ನಮ್ಮ ತೋಟಕ್ಕೆ ಕಳಿಸಿ. ಘಾಟಿಯಲ್ಲಿ ಗೇರ್ ಇಳಿಸುವುದರಿಂದ ಹಿಡಿದು ಗೊತ್ತಿದ್ದದ್ದನ್ನೆಲ್ಲ ಹೇಳಿಕೊಡುತ್ತೇನೆ. ವಿಳಾಸ ಪತ್ರಿಕೆಯ ಕಚೇರಿಯಲ್ಲಿ ಸಿಗುತ್ತದೆ.